ನ್ಯಾಕ್ ಹತ್ತಿರ ಬಂತು, ಸಂಶೋಧನೆಯ ಮಟ್ಟ ಹೆಚ್ಚಿಸೋದು ಹೇಗೆ?

ರಸಾಯನ_ಮೇಡಂ:
ನಮಸ್ಕಾರ. ನಮ್ಮದು ರಾಜ್ಯದ ಒಂದು ವಿ.ವಿ. ವಿ.ವಿ.ಯೊಳಗೆ ಗುಣಮಟ್ಟ ನೋಡಿಕೊಳ್ಳುವ ಘಟಕದ (ಐಕ್ಯೂಎಸಿ) ಕೆಲಸ ಈ ಸಲ ನನ್ನ ಪಾಲಿಗೆ ಬಂದಿದೆ. ಕಾಲೇಜು, ವಿ.ವಿ.ಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಇದುವರೆಗಿನ ಗ್ರೇಡ್ ಲೆಕ್ಕದಲ್ಲಿ ವಿ.ವಿ.ಗಳಿಗೆ 1000ದಲ್ಲಿ 250 ಅಂಕ ಸಂಶೋಧನೆ ಇರುವ ಮೂರನೇ ಮಾನದಂಡಕ್ಕೇ ಇತ್ತು. ಹಾಗಾಗಿ ಪ್ರತಿಯೊಬ್ಬರೂ ವರ್ಷಕ್ಕೆ ಎರಡು ಪೇಪರ್ ಮಾಡಲೇಬೇಕು ಅಂತ ಸುತ್ತೋಲೆ ಹೊರಡಿಸುವ ಮಾತು ನಡೆದಿದೆ. ನನಗೆ ಯಾಕೋ ಸರಿ ಕಾಣುತ್ತಿಲ್ಲ. ಬೇರೆ ಏನು ಮಾಡಬಹುದು?

ಲೈಬ್ರರಿಯವನು:
ಮೇಡಂ, ಆ ಸುತ್ತೋಲೆ ದಯವಿಟ್ಟು ಬೇಡ. ನಾನು ಒಂದು ವಿ.ವಿ. ಲೈಬ್ರರಿಯಲ್ಲಿದ್ದೇನೆ. ಸ್ಕೋಪಸ್ (ಸಂಶೋಧನಾ ಪೇಪರ್‌ಗಳ ಜಾಗತಿಕ ಡೇಟಾಬೇಸ್) ಲೆಕ್ಕ, ಥೀಸಿಸ್ ಚೆಕ್ ಎರಡೂ ನನ್ನ ಮೇಜಿಗೇ ಬರುತ್ತವೆ. ಸಂಖ್ಯೆ ಕೇಳಿದರೆ ಸಂಖ್ಯೆ ಬರುತ್ತದೆ, ಅಷ್ಟೇ. ದುಡ್ಡು ಕೊಟ್ಟರೆ ವಾರದೊಳಗೆ ಹಾಕಿಕೊಡುವ ಜರ್ನಲ್‌ಗಳಿಗೇನು ಬರವೇ? ಒಪ್ಪಬಹುದಾದ ಜರ್ನಲ್‌ಗಳ ಯುಜಿಸಿ ಕೇರ್ ಪಟ್ಟಿಯೂ 2025ರಲ್ಲಿ ನಿಂತುಹೋಯಿತು. ಜರ್ನಲ್ ಒಳ್ಳೆಯದೋ ಅಲ್ಲವೋ ಅಂತ ಈಗ ನಾವೇ ನೋಡಬೇಕು. ಪ್ರಕಟವಾದ ಮೇಲೆ ತಪ್ಪು ಸಿಕ್ಕಿ ಜರ್ನಲ್ ಹಿಂಪಡೆದ ಪೇಪರ್‌ಗಳಿಗೆ ಅದೇ ವರ್ಷದಿಂದ ಎನ್‌ಐಆರ್‌ಎಫ್ (ಕೇಂದ್ರ ಸರ್ಕಾರದ ರ‍್ಯಾಂಕಿಂಗ್) ಅಂಕ ಕಳೆಯುತ್ತಿದೆ.

ಮೊನ್ನೆ ಒಂದು ಥೀಸಿಸ್ ಬಂತು. ಬೇರೆಯವರ ಬರಹದ ಜೊತೆ ಸಾಮ್ಯತೆ ಶೇ 10ರ ಒಳಗೇ ಇತ್ತು. ಯುಜಿಸಿಯ 2018ರ ನಿಯಮದ ಪ್ರಕಾರ ತಕರಾರಿಲ್ಲ. ಸುಮ್ನೆ ಪುಟ ತಿರುವಿದೆ. ಮೂರನೇ ಅಧ್ಯಾಯದ ಕೋಷ್ಟಕದಲ್ಲಿ ಒಂದು ಬಾವಿ ನೀರಿನ ಫ್ಲೋರೈಡ್ ಲೀಟರಿಗೆ 1.8 ಮಿ.ಗ್ರಾಂ, ಐದನೇ ಅಧ್ಯಾಯದಲ್ಲಿ ಅದೇ ಬಾವಿ, ಅದೇ ತಿಂಗಳು, 0.8. ಗೈಡ್ ಒಮ್ಮೆ ಕೂತು ಓದಿದ್ದರೆ ಸಿಗುತ್ತಿತ್ತು. ಸಾಫ್ಟ್‌ವೇರ್ ಕದ್ದ ಸಾಲು ಹಿಡಿಯುತ್ತದೆ, ತಪ್ಪಿದ ಅಂಕಿ ಹಿಡಿಯೋದಿಲ್ಲ. ಆ ನೀರು ಕುಡಿಯೋ ಊರಿಗೆ ಯಾವ ಅಂಕಿ ಸರಿ ಅನ್ನೋದು ಮುಖ್ಯ ಅಲ್ವಾ?

ಅದಕ್ಕೇ, ಪೇಪರ್ ಹೊರಗೆ ಹೋಗುವ ಮೊದಲು ವಿಭಾಗದಲ್ಲೇ ಇಬ್ಬರು ಓದಲಿ. ಲ್ಯಾಬ್ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಕೋಷ್ಟಕ ತಾಳೆ ನೋಡಲಿ. ಓದಿದವರಿಗೆ ಆ ಗಂಟೆಯನ್ನು ವರ್ಕ್‌ಲೋಡ್‌ನಲ್ಲಿ ಹಿಡಿಯಿರಿ. ಇಲ್ಲದಿದ್ದರೆ ಎರಡು ವಾರಕ್ಕೇ ನಿಂತುಹೋಗುತ್ತದೆ.

ಇನ್ನೊಂದು ಸಣ್ಣ ಕೆಲಸ. ಪೇಪರ್‌ನಲ್ಲಿ ವಿ.ವಿ. ಹೆಸರನ್ನು ಎಲ್ಲರೂ ಒಂದೇ ಥರ ಬರೆಯಲಿ. ಒಬ್ಬರು ಮೂರಕ್ಷರದ ಚಿಕ್ಕ ಹೆಸರು ಹಾಕಿ, ಇನ್ನೊಬ್ಬರು ಬರೀ ವಿಭಾಗದ ಹೆಸರು ಹಾಕಿದರೆ ಸ್ಕೋಪಸ್‌ನಲ್ಲಿ ಅದು ನಮ್ಮ ಲೆಕ್ಕಕ್ಕೆ ಸೇರದೇ ಹೋಗಬಹುದು.

ಹಸ್ತಪ್ರತಿ_ಮೇಷ್ಟ್ರು:
ಕನ್ನಡ ವಿಭಾಗದವರ ಗತಿ ಏನು ಸರ್? ಶಾಸನ, ಹಸ್ತಪ್ರತಿ ಕೆಲಸ ಕನ್ನಡದಲ್ಲೇ ಬರೆಯಬೇಕು. ಎನ್‌ಐಆರ್‌ಎಫ್ ನೋಡೋದು ಸ್ಕೋಪಸ್, ಅದೇ ಥರದ ವೆಬ್ ಆಫ್ ಸೈನ್ಸ್.

ಲೈಬ್ರರಿಯವನು:
ನಿಜ ಮೇಷ್ಟ್ರೇ, ಅಲ್ಲಿ ನಿಮಗೆ ಅನ್ಯಾಯವೇ. ಆದರೆ ನ್ಯಾಕ್‌ನಲ್ಲಿ ಪುಸ್ತಕ, ಸಂಪಾದಿತ ಕೃತಿಯ ಅಧ್ಯಾಯಗಳಿಗೂ ಲೆಕ್ಕವಿದೆ. ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಸಮೇತ ಪಟ್ಟಿ ಈಗಲೇ ಮಾಡಿಡಿ. ಸ್ಕೋಪಸ್‌ಗೋಸ್ಕರ ಇಂಗ್ಲಿಷ್‌ನಲ್ಲಿ ತೆಳು ಪೇಪರ್ ಮಾತ್ರ ಮಾಡಬೇಡಿ.

ರಸಾಯನ_ಮೇಡಂ:
ವರ್ಕ್‌ಲೋಡ್‌ನಲ್ಲಿ ಹಿಡಿಯೋಕೆ ಕುಲಪತಿಗಳು ಒಪ್ಪಿದರೆ ಸಾಕಾ?

ಲೈಬ್ರರಿಯವನು:
ಅಷ್ಟಕ್ಕೇ ಬಿಡಬೇಡಿ, ಅವರು ಬದಲಾಗುತ್ತಾರೆ. ಅಕಾಡೆಮಿಕ್ ಕೌನ್ಸಿಲ್‌ನಲ್ಲಿ ಮಂಡಿಸಿ, ನಡಾವಳಿಯಲ್ಲಿ ಬರೆಸಿ. ಮೊದಲು ನಿಮ್ಮ ವಿಭಾಗದಲ್ಲೇ ಒಂದು ಸೆಮಿಸ್ಟರ್ ನಡೆಸಿ, ಸಿಕ್ಕ ತಪ್ಪುಗಳ ಪಟ್ಟಿ ಜೊತೆಗಿಟ್ಟುಕೊಂಡು ಹೋಗಿ.