ಖಾತ್ರಿ ಕೆಲಸಕ್ಕೆ ಹೋಗುವುದಾ, ತೋಟದ ಕೂಲಿಗಾ?

ಪ್ರಶ್ನೆ: ಕೊಡಗಿನ ಸಿದ್ದಾಪುರದ ಹತ್ತಿರ ಎರಡು ಎಕರೆ ರೋಬಸ್ಟಾ ಕಾಫಿ, ಅರ್ಧ ಎಕರೆ ಗದ್ದೆ. ದುಡಿಯುವವರು ನಾನು, ನಮ್ಮ ಯಜಮಾನರು ಇಬ್ಬರೇ. ಉದ್ಯೋಗ ಖಾತ್ರಿಗೆ ಹೋಗುವುದು ಒಳ್ಳೆಯದಾ, ಪಕ್ಕದ ತೋಟದ ಕೂಲಿಗಾ? ತಿಳಿದವರು ಹೇಳಿ.

ಉತ್ತರ 1: ಅಕ್ಕಾ, 2025-26ರ ಲೆಕ್ಕ ಹೇಳುತ್ತೇನೆ. ವರ್ಷಕ್ಕೆ ನೂರು ದಿನ ಕೊಡುತ್ತಿದ್ದುದು ಮನೆಗೊಂದರಂತೆ ಇರುವ ಜಾಬ್ ಕಾರ್ಡಿಗೆ, ತಲೆಗಲ್ಲ. ಇಬ್ಬರೂ ಹೋದರೆ 50 ದಿನಕ್ಕೆ ಮುಗಿಯಿತು. ಆ ವರ್ಷದ ದಿನಗೂಲಿ 370 ರೂಪಾಯಿ ಇತ್ತು. ಆ ಲೆಕ್ಕಕ್ಕೆ ವರ್ಷಕ್ಕೆ ಮನೆಗೆ ಹೆಚ್ಚೆಂದರೆ 37,000. ಆ ದಿನಗಳನ್ನು ಕಾಫಿ ಕೊಯ್ಲಿನಲ್ಲಿ ಖರ್ಚು ಮಾಡಬೇಡಿ. ಕೊಯ್ಲಿಗೆ ಕಿಲೋ ಲೆಕ್ಕ. ಕಿಲೋಗೆ 5 ರೂಪಾಯಿ ಅಂತಿಟ್ಟುಕೊಂಡರೂ 100 ಕಿಲೋ ಕೊಯ್ದವರಿಗೆ 500 ಆಯಿತು. ಅದಕ್ಕಿಂತ ಮೊದಲು ನಿಮ್ಮ ಹಣ್ಣು ಉದುರದಂತೆ ನೋಡಿಕೊಳ್ಳಿ. ನಾಟಿ ಮುಗಿದು ಕೊಯ್ಲು ಶುರುವಾಗುವವರೆಗಿನ ಬಿಡುವೇ ಖಾತ್ರಿಗೆ ಸರಿಯಾದ ಕಾಲ.

ಉತ್ತರ 2: ಆ ದಿನಗಳನ್ನು ನಿಮ್ಮ ತೋಟಕ್ಕೇ ಹಾಕಿ. ಐದು ಎಕರೆ ಒಳಗಿನ ರೈತರು ಸ್ವಂತ ಜಮೀನಿನ ಕಾಮಗಾರಿ ಕೇಳಬಹುದು, ಮನೆಯವರೂ ಅದರಲ್ಲಿ ದುಡಿಯಬೇಕು. ಇಳಿಜಾರಿಗೆ ಅಡ್ಡವಾಗಿ, ಕಾಫಿ ಸಾಲುಗಳ ನಡುವೆ ತೊಟ್ಟಿಲು ಗುಂಡಿ (ಮಳೆನೀರು, ಮಣ್ಣು ತಡೆಯುವ ಉದ್ದನೆಯ ಗುಂಡಿ) ತೆಗೆಯಿರಿ: ಅಗಲ ಒಂದಡಿ, ಆಳ ಒಂದೂವರೆ ಅಡಿ. ಮೇಲಿನ ಗುಂಡಿಯ ನೇರಕ್ಕೆ ಕೆಳಗಿನದು ಬರಬಾರದು. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಮಣ್ಣು ಹದವಾಗಿರುತ್ತದೆ. ಜೋರು ಮಳೆಯಲ್ಲಿ ಅಗೆದರೆ ಅಂಚು ಕುಸಿಯುತ್ತದೆ. ಕೂಲಿ ಕೊಡುವುದು ಅಳತೆ ನೋಡಿ. ಎಂಜಿನಿಯರ್ ಬರುವಷ್ಟರಲ್ಲಿ ಗುಂಡಿ ಅರ್ಧ ತುಂಬಿದ್ದರೆ ಹಾಜರಿ ಇದ್ದರೂ ದುಡ್ಡು ಕಡಿಮೆಯೇ.

ನಮ್ಮ ಜಿಲ್ಲೆಯ ತೊಡಕು ಪಹಣಿಯದ್ದು. ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಹಿಡುವಳಿ) ಜಾಗವಾದರೆ ಒಕ್ಕದ, ಅಂದರೆ ಕೊಡವ ಮನೆತನದ, ಹಲವರ ಹೆಸರು ಒಂದೇ ಪಹಣಿಯಲ್ಲಿರುತ್ತದೆ. ಒಟ್ಟು ವಿಸ್ತೀರ್ಣ ನೋಡಿ ‘ಸಣ್ಣ ರೈತರಲ್ಲ’ ಅಂತ ಅರ್ಜಿ ಹಿಂದೆ ಬರಬಹುದು. ಸಣ್ಣ ರೈತರ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಮೊದಲೇ ಮಾಡಿಸಿ, ಉಳಿದ ಪಾಲುದಾರರ ಒಪ್ಪಿಗೆಯನ್ನೂ ಬರೆಸಿಟ್ಟುಕೊಳ್ಳಿ. ಕೆಲಸ ಶುರುವಾದ ಮೇಲೆ ತಕರಾರು ಬಂದರೆ ಆ ವರ್ಷ ಹೋದ ಹಾಗೆಯೇ.

ಉತ್ತರ 3: ಕಾಮಗಾರಿ ಪಂಚಾಯಿತಿಯ ಕ್ರಿಯಾಯೋಜನೆಯಲ್ಲಿ ಇರಲೇಬೇಕು. ಮುಂದಿನ ವರ್ಷದ ಪಟ್ಟಿ ಅಕ್ಟೋಬರ್‌ನಿಂದಲೇ ತಯಾರಾಗುತ್ತದೆ, ಗ್ರಾಮಸಭೆ ತಪ್ಪಿಸಬೇಡಿ. ಕೆಲಸ ಕೇಳುವುದು ಅರ್ಜಿಯಲ್ಲಿ (2025-26ರಲ್ಲಿ ಅದು ನಮೂನೆ 6). ದಿನಾಂಕ ಹಾಕಿದ ರಸೀದಿ ಕೇಳಿ ಪಡೆಯಿರಿ; 15 ದಿನದಲ್ಲಿ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೇಳಲು ಅದೇ ಆಧಾರ. ಬಾಯಿಮಾತಿನಲ್ಲಿ ಕೇಳಿದರೆ ಕೈಯಲ್ಲಿ ಆಧಾರ ಉಳಿಯುವುದಿಲ್ಲ.

ಕೆರೆ, ರಸ್ತೆ ಕೆಲಸಕ್ಕೆ ಹೋದರೆ ಕಾಯಕ ಬಂಧು (ಕೂಲಿಕಾರರ ಗುಂಪಿನ ಮೇಟಿ) ದಿನಕ್ಕೆ ಎರಡು ಸಲ ಮೊಬೈಲ್‌ನಲ್ಲಿ ಫೋಟೊ ತೆಗೆಯಬೇಕು. ಬೆಳಿಗ್ಗೆ ಬಂದು ಮಧ್ಯಾಹ್ನ ಹೊರಟರೆ ಕೂಲಿ ಕೈತಪ್ಪುತ್ತದೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತ ಮೊದಲ ದಿನಕ್ಕೆ ಮುಂಚೆಯೇ ನೋಡಿಸಿ. ಎರಡು ಖಾತೆ ಇದ್ದರೆ, ಎಲ್ಲಕ್ಕಿಂತ ಕೊನೆಯದಾಗಿ ಆಧಾರ್ ಜೋಡಿಸಿದ ಖಾತೆಗೆ ದುಡ್ಡು ಬರುತ್ತದೆ, ಅದರ ಪಾಸ್‌ಬುಕ್ಕನ್ನೂ ಒಮ್ಮೆ ಎಂಟ್ರಿ ಮಾಡಿಸಿ ನೋಡಿ.