ಪ್ಲೇಆಫ್‌ಗೆ ಎರಡೇ ವಾರ, ಮಗನ ಕೈಯಿಂದ ಪಾಸ್ ಜಾರ್ತಿದೆ. ಅನುಭವ ಇದ್ದೋರು ಹೇಳಿ

ಡಲ್ಲಾಸ್ ಹತ್ತಿರ ಇದ್ದೀವಿ. ಮಗನಿಗೆ 13, ಅಮೆರಿಕನ್ ಫುಟ್‌ಬಾಲ್ ಯೂತ್ ಲೀಗಲ್ಲಿ ಸ್ಲಾಟ್ ರಿಸೀವರ್, ಅಂದ್ರೆ ಒಳಬದಿಯಲ್ಲಿ ನಿಂತು ಪಾಸ್ ಹಿಡಿಯೋ ಆಟಗಾರ. ಎರಡು ಪಂದ್ಯದಲ್ಲಿ ಐದು ಪಾಸ್ ಬಿಟ್ಟ, ಎಲ್ಲಾ ಕೈಗೇ ಬಂದವು. ಚೆಂಡು ಎಸೆಯೋ ಪಾಸಿಂಗ್ ಮಷೀನ್ ತಗೊಳ್ಳೋದಾ?

ಗ್ಯಾರೇಜ್ ಅಪ್ಪ: ಬೇಡವೇ ಬೇಡ. ಮೂರು ಸಾವಿರ ಡಾಲರ್ ಸುರಿದದ್ದು ಧೂಳು ತಿಂತಿದೆ. ಮೈದಾನದಲ್ಲಿ ಕರೆಂಟಿಲ್ಲ ಅಂತ ಬ್ಯಾಟರಿಗೆ ಬೇರೆ ದುಡ್ಡು. ಚೆಂಡು ಪ್ರತಿ ಸಲ ಒಂದೇ ಜಾಗಕ್ಕೆ, ಒಂದೇ ವೇಗದಲ್ಲಿ ಬರುತ್ತೆ. ಕೈ ಅದಕ್ಕೇ ಒಗ್ಗಿಬಿಡುತ್ತೆ. ಪಂದ್ಯದಲ್ಲಿ ಪಾಸ್ ಕೊಡೋ ಕ್ವಾರ್ಟರ್‌ಬ್ಯಾಕ್ ಹಾಗೆ ಎಸೀತಾನಾ?

ಸ್ಲಾಟ್ ಅಮ್ಮ: ಬಳಸೋಕೆ ಬರದೆ ಮಷೀನನ್ನ ಬೈಬೇಡಿ. ಎದುರು ನಿಲ್ಲಿಸಿ ನೂರು ಹಿಡಿಸಿದ್ರೆ ಏನೂ ಬರಲ್ಲ. ಬೆನ್ನು ಹಾಕಿ ನಿಲ್ಲಿಸಿ, ಚೆಂಡು ಹೊರಟ ಮೇಲೆ ಕೂಗಿ ತಿರುಗಿಸಬೇಕು. 10 ಗಜದಿಂದ, ಹತ್ತತ್ತರ ಮೂರು ಸುತ್ತು, ಅಷ್ಟೇ. ಬೆರಳು ಸೋತ ಮೇಲೆ ಹಿಡಿಸಿದ್ರೆ ಮೈಗೆ ಅಪ್ಪಿಕೊಳ್ಳೋ ಚಾಳಿ ಅಂಟುತ್ತೆ.

ಕಣ್ಣು ಮೊದಲು: ಇಬ್ಬರೂ ಮಷೀನಲ್ಲೇ ಇದ್ದೀರಿ. ಕೈಗೆ ಬಂದದ್ದು ಬೀಳೋದು ಹೆಚ್ಚಾಗಿ ಕಣ್ಣಿಂದ. ಟ್ಯಾಕಲ್ ಎಲ್ಲಿಂದ ಬರುತ್ತೆ ಅಂತ ತಲೆ ಮೊದಲೇ ತಿರುಗುತ್ತೆ, ಜೊತೆಗೆ ಭುಜ, ಭುಜದ ಜೊತೆ ಕೈ. ವಿಡಿಯೋ ನಿಧಾನಕ್ಕೆ ಓಡಿಸಿ: ಚೆಂಡು ಬೆರಳಿಗೆ ತಾಗೋ ಕ್ಷಣ ಹೆಲ್ಮೆಟ್ಟಿನ ಜಾಲರಿ ಯಾವ ಕಡೆಗಿದೆ? ಚೆಂಡಿನ ಮೇಲೆ ಮಾರ್ಕರಲ್ಲಿ ಅಂಕಿ ಬರೀರಿ. ಹಿಡಿದು, ಕಂಕುಳಿಗೆ ಒತ್ತೋವರೆಗೂ ನೋಡ್ತಾ ಆ ಅಂಕಿ ಹೇಳಬೇಕು. ಎದೆ ಮಟ್ಟಕ್ಕೋ ಅದಕ್ಕಿಂತ ಮೇಲಕ್ಕೋ ಬಂದ್ರೆ ಹೆಬ್ಬೆರಳು ಕೂಡಿಸಿ, ಸೊಂಟದ ಕೆಳಗಾದ್ರೆ ಕಿರುಬೆರಳು ಕೂಡಿಸಿ. ಹೊಟ್ಟೆ ಮಟ್ಟದ್ದೇ ಕಷ್ಟ, ಕೈ ಮೇಲೋ ಕೆಳಗೋ ಅಂತ ತಡವರಿಸುತ್ತೆ. ಅಲ್ಲಿ ಮಂಡಿ ಬಗ್ಗಿಸಿ ಚೆಂಡನ್ನ ಎದೆ ಮಟ್ಟಕ್ಕೆ ತಂದುಕೊಳ್ಳಬೇಕು.

ಬರಿಗೈ: ಗ್ಲೌಸ್ ಬಿಚ್ಚಿಸಿ. ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್ 1981ರಲ್ಲಿ ಆಟಗಾರರು ಕೈಗೆ ಹಚ್ಚಿಕೊಳ್ತಿದ್ದ ಸ್ಟಿಕಮ್ ಅಂಟು ನಿಷೇಧಿಸಿತು, ಈಗ ಅದೇ ಕೆಲಸ ಗ್ಲೌಸಿನ ಅಂಗೈ ಮಾಡ್ತಿದೆ. ಮಕ್ಕಳಿಗೆ ಬೆರಳ ತುದಿಯಲ್ಲಿ ಹಿಡಿಯೋದೇ ಮರೆತುಹೋಗಿದೆ.

ಸ್ಲಾಟ್ ಅಮ್ಮ: ನವೆಂಬರ್ ಚಳಿ ರಾತ್ರಿ ನೀವೇ ಬರಿಗೈಲಿ ಹಿಡೀರಿ ನೋಡೋಣ! ಬೆರಳ ತುದಿಯಲ್ಲಿ ಬಟ್ಟೆ ಮಿಗದ ಅಳತೆ ತಗೊಳ್ಳಿ, ಒದ್ದೆ ಬಟ್ಟೆಯಲ್ಲಿ ಅಂಗೈ ಒರೆಸಿ, ಡ್ರೈಯರ್‌ಗೆ ಹಾಕಬೇಡಿ.

ಬರಿಗೈ: ಅಭ್ಯಾಸದ ಮಾತು ನಾನಾಡಿದ್ದು. ಓದಿ ಆಮೇಲೆ ರೇಗಿ.

ಗ್ಯಾರೇಜ್ ಅಪ್ಪ: ಚೆಂಡಿನ ಸೈಜ್ ಯಾರೂ ಕೇಳಲಿಲ್ಲ. ಲೀಗಲ್ಲಿ ಯೂತ್ ಸೈಜ್, ಮನೇಲಿ ದೊಡ್ಡವರದ್ದು ಎಸೀತಿದ್ರೆ ಬೆರಳ ಅಂದಾಜೇ ತಪ್ಪುತ್ತೆ. ಗಾಳಿ ಎಷ್ಟು ಅಂತ ಚೆಂಡಿನ ಮೇಲೇ ಬರೆದಿರುತ್ತೆ, ಗೇಜಲ್ಲಿ ನೋಡಿ.