ಪದ ಬೇಕಿತ್ತು: 'ಆಕ್ಸಿಡೇಟಿವ್ ಸ್ಟ್ರೆಸ್ ಟಾಲರೆನ್ಸ್'

ಎಲ್ಲರಿಗೂ ನಮಸ್ಕಾರ.

ಬ್ರೆಡ್ಡಿಗೆ ಹಾಕುವ ಒಣ ಯೀಸ್ಟ್ ಕಾರ್ಖಾನೆಯಲ್ಲಿ ಹೇಗೆ ತಯಾರಾಗುತ್ತದೆ ಅಂತ ಲೇಖನ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ಗಾಡಿ ನಿಂತಿದೆ.

ವಿಷಯ ಇಷ್ಟೇ. ಯೀಸ್ಟ್ ಚೆನ್ನಾಗಿ ಬೆಳೆಯಲಿ ಅಂತ ತೊಟ್ಟಿಗೆ ಜೋರಾಗಿ ಗಾಳಿ ಊದುತ್ತಾರೆ. ಕೋಶ ಉಸಿರಾಡುವಾಗ ಸ್ವಲ್ಪ ಆಕ್ಸಿಜನ್ ಪೂರ್ತಿ ನೀರಾಗದೆ, ಅರ್ಧದಲ್ಲೇ ಸೂಪರಾಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್ ಎಂಬ, ಕೋಶಕ್ಕೆ ಹಾನಿ ಮಾಡುವ ವಸ್ತುಗಳಾಗಿ ಉಳಿಯುತ್ತದೆ. ಆ ಪೆರಾಕ್ಸೈಡ್ ಕೋಶದೊಳಗಿನ ಕಬ್ಬಿಣದ ಜೊತೆ ಸೇರಿದರಂತೂ ಮುಗಿಯಿತು, ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ ಇನ್ನೂ ಉಗ್ರವಾದದ್ದು ಹುಟ್ಟಿ ಡಿಎನ್ಎಯನ್ನೂ ಬಿಡುವುದಿಲ್ಲ. ಆಮೇಲೆ ಒಣಗಿಸುವಾಗ ಇನ್ನೊಂದು ಸುತ್ತು ಏಟು. ಈ ಏಟಿಗೇ ಇಂಗ್ಲಿಷಿನಲ್ಲಿ 'ಆಕ್ಸಿಡೇಟಿವ್ ಸ್ಟ್ರೆಸ್' ಅನ್ನುತ್ತಾರೆ, ಅದನ್ನು ಸಹಿಸುವ ಗುಣಕ್ಕೆ 'ಟಾಲರೆನ್ಸ್'.

ಶಾಲೆಯ ಪುಸ್ತಕದ ಪ್ರಕಾರ ಆಕ್ಸಿಡೇಶನ್ ಅಂದರೆ ಉತ್ಕರ್ಷಣ. ಹಾಗಾಗಿ 'ಉತ್ಕರ್ಷಣ ಒತ್ತಡ' ಅಂತ ಬರೆದೆ. ಈಗ ಈ ವಾಕ್ಯ ನೋಡಿ: "ತೊಟ್ಟಿಯಲ್ಲಿ ಒತ್ತಡ ಏರಿಸಿದರೆ ಆಕ್ಸಿಜನ್ ಜಾಸ್ತಿ ಕರಗುತ್ತದೆ, ಆಗ ಯೀಸ್ಟಿನ ಒತ್ತಡವೂ ಏರುತ್ತದೆ." ಯಾವುದು ಪ್ರೆಶರ್, ಯಾವುದು ಸ್ಟ್ರೆಸ್? ಓದುವವರಿಗೆ ತಲೆಕೆಡುತ್ತದೆ ಅಲ್ವಾ? ಕೀಟಬಾಧೆ, ರೋಗಬಾಧೆ ಇರುವಂತೆ 'ಉತ್ಕರ್ಷಣ ಬಾಧೆ' ಅಂದರೆ ನಡೆಯುತ್ತದೆಯೇ? 'ಆಕ್ಸಿಜನ್ ಬಾಧೆ' ಕಿವಿಗೆ ಹಿತ, ಆದರೆ ತಪ್ಪು ಆಕ್ಸಿಜನ್ನಿನದ್ದಲ್ಲ, ಅದರ ಮರಿಗಳದ್ದು.

ಟಾಲರೆನ್ಸಿಗೆ 'ನಿರೋಧಕ ಶಕ್ತಿ' ಬೇಡ ಅನ್ನಿಸುತ್ತದೆ. ಇಲ್ಲಿ ಯೀಸ್ಟ್ ಏನನ್ನೂ ಬಾಗಿಲಲ್ಲೇ ತಡೆಯುವುದಿಲ್ಲ. ಪೆರಾಕ್ಸೈಡ್ ತಾಗಿದಾಗ ಯಾಪ್1 ಎಂಬ ಪ್ರೋಟೀನಿನ ಗಂಧಕದ ಕೊಂಡಿಗಳು ಒಂದಕ್ಕೊಂದು ಗಂಟು ಬೀಳುತ್ತವೆ. ಮಾಮೂಲಿಯಾಗಿ ನ್ಯೂಕ್ಲಿಯಸ್ಸಿಗೆ ಹೋಗಿ ಬಂದು ಮಾಡುವ ಯಾಪ್1 ಆಗ ಹೊರಬರಲಾರದೆ ಒಳಗೇ ಉಳಿದು, ಈ ಹಾನಿಯನ್ನು ಸರಿದೂಗಿಸುವ ಥಯೋರೆಡಾಕ್ಸಿನ್, ಗ್ಲುಟಥಯೋನ್ ಎಂಬ ವಸ್ತುಗಳನ್ನು ತಯಾರಿಸುವ ಜೀನ್‌ಗಳನ್ನು ಎಬ್ಬಿಸುತ್ತದೆ. ಅಂದರೆ ಏಟು ಬಿದ್ದೇ ಬೀಳುತ್ತದೆ, ಯೀಸ್ಟ್ ಅದನ್ನು ತಾಳಿಕೊಳ್ಳುತ್ತದೆ. 'ಸಹಿಷ್ಣುತೆ' ಇದೆ, ಆದರೆ ಈಗ ಅದು ಭಾಷಣದ ಪದ. ರೈತರು 'ಬರ ತಾಳುವ ತಳಿ' ಅನ್ನುತ್ತಾರಲ್ಲ, ನನ್ನ ಒಲವು 'ತಾಳಿಕೆ'ಯ ಕಡೆಗಿದೆ.

ಇನ್ನೊಂದು. ತಾಳಿಕೆ ಹೆಚ್ಚಿಸಲು ಆ ಜೀನ್‌ಗಳನ್ನೇ ಚುರುಕು ಮಾಡಬಹುದು. ಇಲ್ಲವೇ ತಲೆಮಾರಿನಿಂದ ತಲೆಮಾರಿಗೆ ಪೆರಾಕ್ಸೈಡ್ ಪ್ರಮಾಣ ಏರಿಸುತ್ತಾ, ಉಳಿದುಕೊಂಡದ್ದನ್ನೇ ಮತ್ತೆ ಬೆಳೆಸುತ್ತಾ ಹೋಗಬಹುದು. ಈ ಎರಡನೆಯದಕ್ಕೆ 'ಪಳಗಿಸುವುದು' ಅಂತ ಬರೆದಿದ್ದೇನೆ. ಆದರೆ ಆನೆಯನ್ನು ಪಳಗಿಸಿದರೆ ಅದೇ ಆನೆ ಪಳಗುತ್ತದೆ. ಇಲ್ಲಿ ಸಹಿಸದವು ಸತ್ತು, ಮೊಮ್ಮಕ್ಕಳು ಗಟ್ಟಿಯಾಗುತ್ತವೆ. ಅದಕ್ಕೆ ಹೊಂದುವ ಕ್ರಿಯಾಪದ ಯಾರಿಗಾದರೂ ಹೊಳೆದರೆ ತಿಳಿಸಿ.